ಓಹಾಯೊ ಸ್ಟೇಟ್ 2024: ಮಿಷಿಗನ್‌ಗೆ 10-13ರಲ್ಲಿ ಸೋತ ತಂಡ 51 ದಿನದಲ್ಲಿ ಚಾಂಪಿಯನ್ ಆದದ್ದು ಹೇಗೆ?

ಕೆಂಪು_ಬೂದು:
ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡದ 2024ರ ಸೀಸನ್ ಬಗ್ಗೆ ಬಿಡಿ ಬಿಡಿ ಮಾತು ಅಲ್ಲಲ್ಲಿ ನಡೀತಾ ಇದೆ. ಒಂದೇ ಕಡೆ ಸರಿಯಾಗಿ ಚರ್ಚೆ ಮಾಡೋಣ ಅಂತ ಈ ಎಳೆ. ಮೊದಲು ಫಲಿತಾಂಶಗಳು. ಆಕ್ರನ್ ಮೇಲೆ 52-6, ವೆಸ್ಟರ್ನ್ ಮಿಷಿಗನ್ 56-0, ಮಾರ್ಷಲ್ 49-14, ಮಿಷಿಗನ್ ಸ್ಟೇಟ್ 38-7, ಅಯೋವಾ 35-7. ಅಕ್ಟೋಬರ್ 12ಕ್ಕೆ ಆರೆಗನ್ ಅಂಗಳದಲ್ಲಿ 31-32 ಸೋಲು. ಆಮೇಲೆ ನೆಬ್ರಾಸ್ಕಾ 21-17, ಪೆನ್ ಸ್ಟೇಟ್ 20-13, ಪರ್ಡ್ಯೂ 45-0, ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ನಾರ್ತ್‌ವೆಸ್ಟರ್ನ್ 31-7, ಇಂಡಿಯಾನಾ 38-15. ನವೆಂಬರ್ 30ಕ್ಕೆ ಸ್ವಂತ ಸ್ಟೇಡಿಯಂನಲ್ಲೇ ಮಿಷಿಗನ್‌ಗೆ 10-13 ಸೋಲು, ಅದೂ ಸತತ ನಾಲ್ಕನೇ ವರ್ಷ.

ಅಲ್ಲಿಂದ ಮುಂದೆ ಪ್ಲೇಆಫ್ (ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ನಾಕೌಟ್ ಸುತ್ತುಗಳು): ಟೆನೆಸಿ 42-17, ಆರೆಗನ್ 41-21, ಟೆಕ್ಸಸ್ 28-14, ಫೈನಲ್‌ನಲ್ಲಿ ನೋಟರ್ ಡೇಮ್ 34-23. ಒಟ್ಟು 14 ಗೆಲುವು, 2 ಸೋಲು. ಮಿಷಿಗನ್ ಎದುರು ಹತ್ತೇ ಪಾಯಿಂಟ್ ಮಾಡಿದ ತಂಡ ಮುಂದಿನ ನಾಲ್ಕು ಮ್ಯಾಚಲ್ಲಿ ಸರಾಸರಿ 36 ಮಾಡಿದೆ. ಆಟಗಾರರು ಅವರೇ, ಹೆಡ್ ಕೋಚ್ ರಯಾನ್ ಡೇ ಅವರೇ, ಅಫೆನ್ಸ್ (ಚೆಂಡು ಇಟ್ಟುಕೊಂಡು ಆಡೋ ಪಡೆ) ನಡೆಸಿದ್ದು ಅದೇ ಕೋಚ್ ಚಿಪ್ ಕೆಲಿ. ಹಾಗಾದರೆ ಬದಲಾಗಿದ್ದು ಏನು? "ಛಲ ಬಂತು, ಎದ್ದು ನಿಂತರು" ಅನ್ನೋ ಉತ್ತರ ಬೇಡ. ಮೈದಾನದಲ್ಲಿ ಕಾಣೋ ಕಾರಣ ಬೇಕು.

ಎಡತುದಿ:
ಉತ್ತರ ಅಫೆನ್ಸಿವ್ ಲೈನ್‌ನಲ್ಲಿದೆ, ಅಂದರೆ ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಮುಂದೆ ಸಾಲಾಗಿ ನಿಂತು ಎದುರಾಳಿಯನ್ನ ತಡೆಯೋ ಐದು ಜನರಲ್ಲಿ. ಅಲ್ಲಿಂದ ಶುರು ಮಾಡದೆ ಈ ಸೀಸನ್ ಅರ್ಥ ಆಗಲ್ಲ.

ಅಕ್ಟೋಬರ್ ಶುರುವಾದಾಗ ಎಡದಿಂದ ಬಲಕ್ಕೆ ಐದು ಜನ ಹೀಗಿದ್ದರು: ಲೆಫ್ಟ್ ಟ್ಯಾಕಲ್ ಜಾಶ್ ಸಿಮನ್ಸ್, ಲೆಫ್ಟ್ ಗಾರ್ಡ್ ಡಾನೊವನ್ ಜಾಕ್ಸನ್, ಸೆಂಟರ್ ಸೆತ್ ಮೆಕ್‌ಲಾಕ್ಲಿನ್, ರೈಟ್ ಗಾರ್ಡ್ ಟೆಗ್ರಾ ಶಬೋಲಾ, ರೈಟ್ ಟ್ಯಾಕಲ್ ಜಾಶ್ ಫ್ರಯರ್. ಇದರಲ್ಲಿ ಇಬ್ಬರು ಹೋದರು. ಆರೆಗನ್ ಮ್ಯಾಚಲ್ಲಿ ಸಿಮನ್ಸ್ ಮೊಣಕಾಲಿಗೆ ಪೆಟ್ಟು ಬಿತ್ತು, ಅವರ ಸೀಸನ್ ಅಲ್ಲಿಗೇ ಮುಗೀತು. ಇಂಡಿಯಾನಾ ಮ್ಯಾಚಿನ ವಾರ ಅಭ್ಯಾಸದಲ್ಲಿ ಮೆಕ್‌ಲಾಕ್ಲಿನ್ ಹಿಮ್ಮಡಿಯ ಅಕಿಲೀಸ್ ಹರೀತು. ಆ ವರ್ಷ ದೇಶದ ಅತ್ಯುತ್ತಮ ಸೆಂಟರ್‌ಗೆ ಕೊಡೋ ರಿಮಿಂಗ್ಟನ್ ಟ್ರೋಫಿ ಅವರಿಗೇ ಬಂತು ಅಂದರೆ ಎಂಥ ಆಟಗಾರನನ್ನ ಕಳ್ಕೊಂಡರು ಅಂತ ಲೆಕ್ಕ ಹಾಕಿ.

ಸಿಮನ್ಸ್ ಜಾಗಕ್ಕೆ ಮೊದಲು ಜೆನ್ ಮಿಕಾಲ್ಸ್ಕಿ ಬಂದರು. ನೆಬ್ರಾಸ್ಕಾ ಎದುರು ಚೆಂಡು ಹಿಡಿದು ಓಡೋ ಆಟ ನಿಂತೇಹೋಯ್ತು, ಇಡೀ ಮ್ಯಾಚಲ್ಲಿ 64 ಯಾರ್ಡ್ ಅಷ್ಟೇ. ಆ ಮ್ಯಾಚಲ್ಲೇ ಮಿಕಾಲ್ಸ್ಕಿಗೂ ಗಾಯ. ಮುಂದಿನ ವಾರ ಪೆನ್ ಸ್ಟೇಟ್. ಆಗ ಲೈನ್ ಕೋಚ್ ಜಸ್ಟಿನ್ ಫ್ರೈ ಕಡೆಯವರು ತೆಗೆದುಕೊಂಡ ತೀರ್ಮಾನವೇ ಸೀಸನ್ ಉಳಿಸಿದ್ದು: ಗಾರ್ಡ್ ಡಾನೊವನ್ ಜಾಕ್ಸನ್ ಅವರನ್ನ ಲೆಫ್ಟ್ ಟ್ಯಾಕಲ್‌ಗೆ ಸರಿಸಿ, ಖಾಲಿಯಾದ ಗಾರ್ಡ್ ಜಾಗಕ್ಕೆ ಕಾರ್ಸನ್ ಹಿಂಜ್‌ಮನ್ ಅವರನ್ನ ತಂದರು. ಮೆಕ್‌ಲಾಕ್ಲಿನ್ ಹೋದಮೇಲೆ ಹಿಂಜ್‌ಮನ್ ಸೆಂಟರ್‌ಗೆ ಹೋದರು, ಲೆಫ್ಟ್ ಗಾರ್ಡ್‌ಗೆ ಲ್ಯೂಕ್ ಮಾಂಟ್‌ಗೊಮೆರಿ ಬಂದರು. ಅಂದರೆ ಮಿಷಿಗನ್ ಎದುರು ನಿಂತಾಗ ಎಡಗಡೆಯ ಮೂರೂ ಜಾಗದಲ್ಲಿ ಅಕ್ಟೋಬರ್ ಶುರುವಿನಲ್ಲಿ ಇದ್ದವರು ಬದಲಾಗಿದ್ದರು.

ಹೊಸ_ಪ್ರೇಕ್ಷಕಿ:
ಒಂದು ಮೂಲಭೂತ ಪ್ರಶ್ನೆ. ಗಾರ್ಡ್, ಟ್ಯಾಕಲ್ ಇಬ್ಬರೂ ಅಕ್ಕಪಕ್ಕವೇ ನಿಲ್ತಾರೆ, ಇಬ್ಬರದ್ದೂ ಎದುರಾಳಿಯನ್ನ ತಡೆಯೋ ಕೆಲಸವೇ. ಒಂದು ಜಾಗ ಆಚೆ ಸರಿದರೆ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಎಡತುದಿ:
ತುಂಬಾ ಆಗುತ್ತೆ. ಮಧ್ಯಮ ಕ್ರಮಾಂಕದಲ್ಲಿ ಸ್ಪಿನ್ ಆಡಿಕೊಂಡಿದ್ದವರನ್ನ ಹೊಸ ಚೆಂಡಿಗೆ ಓಪನಿಂಗ್ ಕಳಿಸಿದ ಹಾಗೆ.

ಗಾರ್ಡ್‌ಗೆ ಒಂದು ಕಡೆ ಸೆಂಟರ್, ಇನ್ನೊಂದು ಕಡೆ ಟ್ಯಾಕಲ್. ಎದುರಾಳಿ ಹತ್ತಿರದಲ್ಲೇ ನಿಂತಿರ್ತಾನೆ, ಸ್ನ್ಯಾಪ್ (ಸೆಂಟರ್ ಚೆಂಡನ್ನ ಹಿಂದಕ್ಕೆ ಕೊಟ್ಟು ಆಟ ಶುರು ಮಾಡೋದು) ಆದ ತಕ್ಷಣ ಕೈ ತಾಗುತ್ತೆ, ಅಲ್ಲಿ ಗೆಲ್ಲೋದು ಸೊಂಟದ ಬಲ. ಟ್ಯಾಕಲ್‌ನ ಹೊರಗಡೆ ಯಾರೂ ಇಲ್ಲ. ಎಡ್ಜ್ ರಷರ್, ಅಂದರೆ ತುದಿಯಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋ ಎದುರಾಳಿ, ಒಂದೆರಡು ಯಾರ್ಡ್ ಆಚೆಯಿಂದ ಓಡಿ ಬರ್ತಾನೆ. ಟ್ಯಾಕಲ್ ಹಿಂದಕ್ಕೆ, ಓರೆಯಾಗಿ, ಹೊರಗಾಲಿನಿಂದ ತಳ್ಳಿಕೊಂಡು ಸರೀಬೇಕು. ಇದನ್ನ ಕಿಕ್ ಸ್ಲೈಡ್ ಅಂತಾರೆ. ಶಾಟ್‌ಗನ್ ಅನ್ನೋ ಜೋಡಣೆಯಲ್ಲಿ ಕ್ವಾರ್ಟರ್‌ಬ್ಯಾಕ್ ಸುಮಾರು 5 ಯಾರ್ಡ್ ಹಿಂದೆ ನಿಂತು, ಚೆಂಡು ಹಿಡಿದು ಇನ್ನೆರಡು ಮೂರು ಯಾರ್ಡ್ ಹಿಂದೆ ಹೋಗ್ತಾನೆ. ರಷರ್ ಆ ಜಾಗದ ಕಡೆ ತಿರುಗೋ ಮೊದಲೇ ಟ್ಯಾಕಲ್ ಅಲ್ಲಿ ಇರಬೇಕು.

ತಪ್ಪು ಎರಡು ಥರ ಆಗುತ್ತೆ. ನಿಧಾನಕ್ಕೆ ಸರಿದರೆ ರಷರ್ ಹೊರಗಿನಿಂದ ಸುತ್ತಿ ಬರ್ತಾನೆ. ಅದಕ್ಕೆ ಹೆದರಿ ಜಾಸ್ತಿ ಸರಿದರೆ ಒಳಗೆ ಬಾಗಿಲು ತೆರೆಯುತ್ತೆ, ರಷರ್ ಎರಡು ಹೆಜ್ಜೆ ಹೊರಗೆ ಹಾಕಿ ಒಳಕ್ಕೆ ತಿರುಗ್ತಾನೆ. ಗಾರ್ಡ್ ಆಗಿ ಬೆಳೆದವರು ಬೇಗ ಕೈ ಚಾಚ್ತಾರೆ, ಅದು ಅವರ ಅಭ್ಯಾಸ. ಟ್ಯಾಕಲ್ ಜಾಗದಲ್ಲಿ ಬೇಗ ಕೈ ಚಾಚಿದರೆ ತಲೆ ಮುಂದೆ ಹೋಗಿ ಸಮತೋಲನ ತಪ್ಪುತ್ತೆ. ಜಾಕ್ಸನ್ ಅವರ ಮೊದಲ ಪರೀಕ್ಷೆಯೇ ಪೆನ್ ಸ್ಟೇಟ್‌ನ ಅಬ್ದುಲ್ ಕಾರ್ಟರ್ ಎದುರು, ಆ ವರ್ಷ ಕಾಲೇಜು ಆಟದಲ್ಲಿ ಅವರಷ್ಟು ವೇಗದ ಎಡ್ಜ್ ರಷರ್‌ಗಳು ಬೆರಳೆಣಿಕೆ ಅಷ್ಟೇ. ಜಾಕ್ಸನ್ ಕೆಲವು ಸಲ ಸೋತರು, ಆದರೆ ಮುರಿದುಬೀಳಲಿಲ್ಲ. ಜನವರಿಗೆ ಬರೋ ಹೊತ್ತಿಗೆ ಅವರು ನಿಜವಾದ ಲೆಫ್ಟ್ ಟ್ಯಾಕಲ್ ಆಗಿದ್ದರು. 2025ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನ ಸರದಿಯಲ್ಲಿ ಆರಿಸೋದು) ಮಿನೆಸೋಟಾ ತಂಡ ಅವರನ್ನ 24ನೇ ಆಯ್ಕೆಯಾಗಿ ತಗೊಂಡಿದ್ದಕ್ಕೆ ಈ ಎರಡೂವರೆ ತಿಂಗಳ ಫಿಲ್ಮ್ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಟ್ಯಾಕಲ್‌ಗೆ ಸಹಾಯ ಕೊಡಬಹುದು. ಟೈಟ್ ಎಂಡ್ (ಲೈನ್ ತುದಿಯಲ್ಲಿ ನಿಂತು ಪಾಸ್ ಕೂಡ ಹಿಡಿಯೋವನು) ಅಥವಾ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡೋವನು) ರಷರ್‌ಗೆ ಒಂದು ಏಟು ಕೊಟ್ಟು ಆಮೇಲೆ ಪಾಸ್ ಹಿಡಿಯೋ ತನ್ನ ದಾರಿಗೆ ಓಡೋದು, ಇಲ್ಲಾ ಇಡೀ ಲೈನ್ ಆ ಕಡೆ ಜಾರೋದು. ಎರಡಕ್ಕೂ ಬೆಲೆ ಇದೆ: ಪಾಸ್ ಹಿಡಿಯೋ ಒಬ್ಬ ರಿಸೀವರ್ ತಡವಾಗಿ ಹೊರಡ್ತಾನೆ, ಅಥವಾ ಇನ್ನೊಂದು ಕಡೆ ಒಬ್ಬೊಬ್ಬರೇ ಎದುರಿಸಬೇಕಾಗುತ್ತೆ.

ಲೆಕ್ಕಿಗ:
ಲೈನ್ ವಿಷಯ ಒಪ್ಪಿದೆ. ಆದರೆ ಮಿಷಿಗನ್ ಸೋಲಿಗೆ ಲೈನ್ ಒಂದೇ ಕಾರಣ ಅಂದರೆ ಒಪ್ಪಲ್ಲ. ಆ ದಿನದ ಅಂಕಿ ನೋಡಿ. ಓಹಾಯೊ ಸ್ಟೇಟ್ 26 ಸಲ ಓಡಿ 77 ಯಾರ್ಡ್. ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ 33ರಲ್ಲಿ 19 ಪಾಸ್, 175 ಯಾರ್ಡ್, ಎರಡು ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್). ಅದರಲ್ಲಿ ಒಂದನ್ನ ಮಿಷಿಗನ್ ಹಿಡಿದದ್ದು ಓಹಾಯೊ ಸ್ಟೇಟ್ ಗೋಲ್ ಲೈನ್ ಹತ್ತಿರವೇ, ಅಲ್ಲಿಂದ ಅವರು ಟಚ್‌ಡೌನ್ (ಚೆಂಡನ್ನ ಗೋಲ್ ಲೈನ್ ದಾಟಿಸಿ ಗಳಿಸೋ 6 ಪಾಯಿಂಟ್) ಮಾಡಿದರು. ಕಿಕ್ಕರ್ ಜೇಡನ್ ಫೀಲ್ಡಿಂಗ್ 38 ಮತ್ತು 34 ಯಾರ್ಡ್‌ನ ಎರಡು ಫೀಲ್ಡ್ ಗೋಲ್ ಕಿಕ್‌ಗಳನ್ನ (ಕಂಬಗಳ ನಡುವೆ ಹೋದರೆ 3 ಪಾಯಿಂಟ್) ಗುರಿ ತಪ್ಪಿ ಒದ್ದರು. ಮೂರು ಪಾಯಿಂಟ್‌ನಿಂದ ಸೋತ ಮ್ಯಾಚಲ್ಲಿ ಆರು ಪಾಯಿಂಟ್ ಅಲ್ಲೇ ಹೋಯ್ತು.

ಇನ್ನೊಂದು ಕಡೆ ಮಿಷಿಗನ್‌ನ ಡೇವಿಸ್ ವಾರನ್ ಎಸೆದದ್ದು 62 ಯಾರ್ಡ್, ಅವರದ್ದೂ ಎರಡು ಇಂಟರ್‌ಸೆಪ್ಷನ್. ಕಲೆಲ್ ಮಲಿಂಗ್ಸ್ 32 ಸಲ ಓಡಿ 116 ಯಾರ್ಡ್ ಮಾಡಿದರು, 45 ಸೆಕೆಂಡ್ ಉಳಿದಾಗ ಡೊಮಿನಿಕ್ ಜ್ವಾಡಾ 21 ಯಾರ್ಡ್ ಕಿಕ್ ಹಾಕಿದರು, ಮುಗೀತು. ಇಂಥ ಎದುರಾಳಿಯ ಮೇಲೆ ದ್ವಿತೀಯಾರ್ಧ ಪೂರ್ತಿ ಒಂದೂ ಪಾಯಿಂಟ್ ಇಲ್ಲ. ಜೆರೆಮಾಯಾ ಸ್ಮಿತ್, ಎಮೆಕಾ ಎಗ್ಬುಕಾ, ಕಾರ್ನೆಲ್ ಟೇಟ್ ಅಂಥ ಮೂವರು ರಿಸೀವರ್‌ಗಳನ್ನ ಇಟ್ಟುಕೊಂಡು ನಡುವೆ ನುಗ್ಗಿ ನುಗ್ಗಿ ಓಡಿದ್ದು ಪ್ಲೇ ಕಾಲಿಂಗ್ (ಓಡಬೇಕಾ, ಎಸೀಬೇಕಾ ಅನ್ನೋ ಕೋಚ್ ತೀರ್ಮಾನ) ತಪ್ಪು.

ಎಡತುದಿ:
ಪ್ಲೇ ಕಾಲಿಂಗ್ ತಪ್ಪು ಅನ್ನೋದು ಸರಿ, ಅದನ್ನ ಲೈನ್‌ನಿಂದ ಬೇರೆ ಮಾಡಿ ನೋಡೋಕೆ ಆಗಲ್ಲ ಅಂತ ನಾನು ಹೇಳ್ತಿರೋದು. ಮಿಷಿಗನ್ ನಡುವಿನಲ್ಲಿ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್. ಇಬ್ಬರೂ 2025ರ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನಲ್ಲೇ ಹೋದವರು. ಅವರ ಎದುರು ನಿಂತ ಹಿಂಜ್‌ಮನ್‌ಗೆ ಆ ಸೀಸನ್‌ನಲ್ಲಿ ಸೆಂಟರ್ ಆಗಿ ಅದು ಎರಡನೇ ಸ್ಟಾರ್ಟ್.

ಒಳಗಿನ ಓಟ ನಡೆಯಬೇಕಾದರೆ ಸೆಂಟರ್ ಮತ್ತು ಗಾರ್ಡ್ ಸೇರಿ ಎದುರಾಳಿ ಲೈನ್‌ನ ನಡುವಿರೋ ಒಬ್ಬ ಡಿಫೆನ್ಸಿವ್ ಟ್ಯಾಕಲ್‌ನನ್ನ ಹಿಂದೆ ತಳ್ಳಿ, ಸರಿಯಾದ ಕ್ಷಣದಲ್ಲಿ ಇಬ್ಬರಲ್ಲಿ ಒಬ್ಬರು ಅವನನ್ನ ಬಿಟ್ಟು, ಅವನ ಹಿಂದೆ ನಿಲ್ಲೋ ಲೈನ್‌ಬ್ಯಾಕರ್ ಮೇಲೆ ಹೋಗಬೇಕು. ಬೇಗ ಬಿಟ್ಟರೆ ಆ ಡಿಫೆನ್ಸಿವ್ ಟ್ಯಾಕಲ್ ಒಳಗೆ ನುಗ್ತಾನೆ, ತಡವಾದರೆ ಲೈನ್‌ಬ್ಯಾಕರ್ ಸಂದಿ ತುಂಬ್ತಾನೆ. ಈ ಹೊಂದಾಣಿಕೆ ಇಬ್ಬರೂ ಜೊತೆಗೆ ನೂರಾರು ಸಲ ಮಾಡಿದಮೇಲೆ ಬರೋದು. ಜೊತೆಗೆ ಲೈನ್‌ಗೆ ಕರೆ ಕೊಡೋದು, ಯಾರು ಯಾರನ್ನ ತಡೀಬೇಕು ಅಂತ ಬೆರಳು ತೋರಿಸೋದು ಎಲ್ಲ ಸೆಂಟರ್ ಕೆಲಸ. 2024ರಿಂದ ಕೋಚ್ ಮಾತು ಕೇಳಿಸೋ ಹೆಲ್ಮೆಟ್ ರೇಡಿಯೊ ಬಂದಿದೆ ನಿಜ, ಆದರೆ ಅದು ಒಬ್ಬ ಆಟಗಾರನಿಗೆ ಮಾತ್ರ, ಪ್ಲೇ ಕ್ಲಾಕ್ (ಮುಂದಿನ ಪ್ಲೇ ಶುರು ಮಾಡೋಕೆ ಉಳಿದ ಸಮಯ) 15 ಸೆಕೆಂಡ್‌ಗೆ ಬಂದ ತಕ್ಷಣ ಕಟ್ ಆಗುತ್ತೆ. ಎದುರಾಳಿ ಕೊನೆ ಹತ್ತು ಸೆಕೆಂಡಲ್ಲಿ ಜಾಗ ಬದಲಿಸಿದರೆ ಸೆಂಟರ್ ಕಣ್ಣೇ ಗತಿ.

ಇಷ್ಟು ಗೊತ್ತಿದ್ದೂ ಆ ಎರಡು ಜನರ ಎದೆಗೇ ಓಡಿದ್ದು ಕೆಲಿ, ಡೇ ಇಬ್ಬರ ತಪ್ಪು. ಬಲವಿಲ್ಲದ ಜಾಗದಲ್ಲೇ ಹಠ ಹಿಡಿದರು. ಮಿಷಿಗನ್‌ನ ಪ್ರಮುಖ ಕಾರ್ನರ್ (ಹೊರಗಡೆ ರಿಸೀವರ್‌ನ ಕಾಯೋವನು) ವಿಲ್ ಜಾನ್ಸನ್ ಆ ದಿನ ಆಡಿರಲೇ ಇಲ್ಲ, ಹೊರಗೆ ಎಸೆಯೋಕೆ ಅದಕ್ಕಿಂತ ಒಳ್ಳೆ ದಿನ ಸಿಗಲ್ಲ.

ನಾಲ್ಕನೇ_ಡೌನ್:
ಇಲ್ಲಿ ಎಲ್ಲರೂ ಮರೀತಿರೋದು ಪ್ಲೇಆಫ್ ನಿಯಮ. 2023ರ ತನಕ ನಾಲ್ಕೇ ತಂಡ. ತಂಡಗಳನ್ನ ಆರಿಸೋ ಕಮಿಟಿಯ ಕೊನೆಯ ಪಟ್ಟಿಯಲ್ಲಿ ಓಹಾಯೊ ಸ್ಟೇಟ್‌ಗೆ 6ನೇ ಸ್ಥಾನ. ಹಳೇ ಪದ್ಧತಿ ಇದ್ದಿದ್ದರೆ ಮಿಷಿಗನ್ ಮ್ಯಾಚಿಗೇ ಈ ಸೀಸನ್ ಮುಗಿದಿತ್ತು.

2024ಕ್ಕೆ 12 ತಂಡ ಆಯ್ತು. ಅತಿ ಮೇಲಿನ ಐದು ಕಾನ್ಫರೆನ್ಸ್ (ತಂಡಗಳ ಗುಂಪು) ಚಾಂಪಿಯನ್‌ಗಳಿಗೆ ಜಾಗ ಖಾತ್ರಿ, ಉಳಿದ ಏಳು ರ‍್ಯಾಂಕಿಂಗ್ ಮೇಲೆ. ಮೊದಲ ನಾಲ್ಕು ಸೀಡ್ ಚಾಂಪಿಯನ್‌ಗಳಿಗೇ ಮೀಸಲು, ಅವರಿಗೆ ಮೊದಲ ಸುತ್ತು ವಿಶ್ರಾಂತಿ. ಹೀಗಾಗಿ 9ನೇ ರ‍್ಯಾಂಕಿನ ಬಾಯ್ಸಿ ಸ್ಟೇಟ್ 3ನೇ ಸೀಡ್, 12ನೇ ರ‍್ಯಾಂಕಿನ ಆರಿಜೋನಾ ಸ್ಟೇಟ್ 4ನೇ ಸೀಡ್ ಆದವು. 6ನೇ ರ‍್ಯಾಂಕಿನ ಓಹಾಯೊ ಸ್ಟೇಟ್ 8ನೇ ಸೀಡ್‌ಗೆ ಜಾರಿ, ಗೆದ್ದರೆ ನೇರ ಒಂದನೇ ಸೀಡ್ ಆರೆಗನ್ ಎದುರು ಅನ್ನೋ ದಾರಿ ಸಿಕ್ತು. ವಿಶ್ರಾಂತಿ ಪಡೆದ ನಾಲ್ಕೂ ತಂಡ ತಮ್ಮ ಮೊದಲ ಮ್ಯಾಚಲ್ಲೇ ಸೋತವು. ಮರುವರ್ಷ ನಿಯಮ ಬದಲಿಸಿ ಸೀಡ್‌ಗಳನ್ನ ನೇರ ರ‍್ಯಾಂಕಿಂಗ್ ಮೇಲೆ ಕೊಟ್ಟರು, ಅದು ಆಗಲೇಬೇಕಿತ್ತು.

5ರಿಂದ 8ನೇ ಸೀಡ್‌ಗಳಿಗೆ ಮೊದಲ ಸುತ್ತು ತಮ್ಮ ಸ್ಟೇಡಿಯಂನಲ್ಲೇ. ಮಿಷಿಗನ್ ಮ್ಯಾಚಿಗೂ ಟೆನೆಸಿ ಮ್ಯಾಚಿಗೂ ನಡುವೆ 21 ದಿನ. ಕಾನ್ಫರೆನ್ಸ್ ಫೈನಲ್ ತಪ್ಪಿದ್ದರಿಂದ ಸಿಕ್ಕ ಸಮಯ ಅದು. ಹೊಸ ಲೈನ್‌ಗೆ ಬೇಕಿದ್ದದ್ದು ಅದೇ.

ಕೆಂಪು_ಬೂದು:
ಆ 21 ದಿನ ಆದಮೇಲೆ ಟೆನೆಸಿ ಎದುರು ಬದಲಾವಣೆ ಮೊದಲ ಡ್ರೈವ್‌ನಿಂದಲೇ (ಚೆಂಡು ಸಿಕ್ಕ ಮೊದಲ ಸರದಿ) ಕಾಣುತ್ತೆ. ಮೊದಲ ಕ್ವಾರ್ಟರ್ ಮುಗಿಯೋಷ್ಟರಲ್ಲಿ 21-0. ಮೊದಲ, ಎರಡನೇ ಡೌನ್‌ಗಳಲ್ಲೇ (10 ಯಾರ್ಡ್ ಸಾಗೋಕೆ ನಾಲ್ಕು ಪ್ರಯತ್ನ, ಒಂದೊಂದೂ ಒಂದು ಡೌನ್) ಪಾಸ್, ಅದೂ ಸ್ಮಿತ್, ಎಗ್ಬುಕಾ ಇಬ್ಬರನ್ನ ಹುಡುಕಿಕೊಂಡು. ಹವರ್ಡ್ 29ರಲ್ಲಿ 24, 311 ಯಾರ್ಡ್. ಸ್ಮಿತ್ ಆರು ಕ್ಯಾಚ್, 103 ಯಾರ್ಡ್, ಎರಡು ಟಚ್‌ಡೌನ್. ಹೊರಗೆ ಎಸೆದು ಸೇಫ್ಟಿಗಳನ್ನ (ಎಲ್ಲರಿಗಿಂತ ಹಿಂದೆ ಕಾಯೋ ಡಿಫೆಂಡರ್‌ಗಳು) ಹಿಂದಕ್ಕೆ ತಳ್ಳಿದಮೇಲೆ ರನ್ನಿಂಗ್ ಬ್ಯಾಕ್‌ಗಳಾದ ಟ್ರೆವೆಯಾನ್ ಹೆಂಡರ್ಸನ್, ಕ್ವಿನ್‌ಶಾನ್ ಜಡ್ಕಿನ್ಸ್ ಇಬ್ಬರಿಗೂ ನಡುವೆ ದಾರಿ ತೆರೆದುಕೊಳ್ತು, ತಲಾ ಎರಡು ಟಚ್‌ಡೌನ್. ಮಿಷಿಗನ್ ಎದುರು ಓಟದಿಂದ ಪಾಸ್‌ಗೆ ಹೋಗೋ ಪ್ರಯತ್ನ ನಡೆದಿತ್ತು. ಇಲ್ಲಿ ಅದನ್ನ ಪೂರ್ತಿ ಉಲ್ಟಾ ಮಾಡಿದರು.

ಎಡತುದಿ:
ಇದಕ್ಕೊಂದು ಸೇರಿಸ್ತೀನಿ. ಹೆಂಡರ್ಸನ್ ಅವರ ಬ್ಲಾಕಿಂಗ್ ಬಗ್ಗೆ ಯಾರೂ ಮಾತಾಡಲ್ಲ. ಬ್ಲಿಟ್ಜ್ (ಹೆಚ್ಚುವರಿ ಡಿಫೆಂಡರ್‌ಗಳು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋದು) ಬಂದಾಗ ಲೈನ್ ದಾಟಿ ಬರೋ ಲೈನ್‌ಬ್ಯಾಕರ್‌ನನ್ನ ನಿಲ್ಲಿಸೋದು ರನ್ನಿಂಗ್ ಬ್ಯಾಕ್ ಪಾಲು. ಬಹಳ ಜನ ಭುಜ ಕೊಟ್ಟು ಕೆಳಗೆ ಬೀಳ್ತಾರೆ, ಹೆಂಡರ್ಸನ್ ಒಳಕ್ಕೆ ಹೆಜ್ಜೆ ಹಾಕಿ, ಎದೆ ಎತ್ತಿ, ಎರಡೂ ಕೈಯಲ್ಲಿ ಹಿಡಿದು ನಿಲ್ತಾರೆ. ಹೊಸ ಎಡಗಡೆ ಲೈನ್ ಇಟ್ಟುಕೊಂಡು ಕೆಲಿ ಉದ್ದ ಪಾಸ್ ಕರೆಯೋಕೆ ಧೈರ್ಯ ಮಾಡಿದ್ದಕ್ಕೆ ಅದೂ ಒಂದು ಕಾರಣ.

ಸೇಫ್ಟಿ_ಮೇಲೆ:
ಡಿಫೆನ್ಸ್ ಕಡೆ ಬರೋಣ. ಸೀಸನ್ ಪೂರ್ತಿ ಪ್ರತಿ ಮ್ಯಾಚಿಗೆ ಬಿಟ್ಟುಕೊಟ್ಟದ್ದು 12.9 ಪಾಯಿಂಟ್, ದೇಶಕ್ಕೇ ಮೊದಲು. ಆದರೆ ಅಕ್ಟೋಬರ್‌ನಲ್ಲಿ ಆರೆಗನ್ ಇದೇ ಡಿಫೆನ್ಸ್ ಮೇಲೆ 496 ಯಾರ್ಡ್ ಮಾಡಿತ್ತು. ಅವರ ಕ್ವಾರ್ಟರ್‌ಬ್ಯಾಕ್ ಡಿಲನ್ ಗೇಬ್ರಿಯಲ್ 341 ಯಾರ್ಡ್ ಎಸೆದರು, ಒಂದೇ ಒಂದು ಸ್ಯಾಕ್ (ಎಸೆಯೋ ಮೊದಲೇ ಕ್ವಾರ್ಟರ್‌ಬ್ಯಾಕ್‌ನ ಕೆಡವೋದು) ಆಗಲಿಲ್ಲ. ಅವರ ರಿಸೀವರ್ ಎವನ್ ಸ್ಟೂವರ್ಟ್ 149 ಯಾರ್ಡ್ ಹಿಡಿದರು, ಬಹುಪಾಲು ಓಹಾಯೊ ಸ್ಟೇಟ್ ಕಾರ್ನರ್ ಡೆನ್ಜಲ್ ಬರ್ಕ್ ಮೇಲೆ. ಕಾರ್ನರ್ ಒಬ್ಬರೇ ಹೊರಗೆ, ಮುಂದಿನ ನಾಲ್ಕು ಜನ ತಾವೇ ಒತ್ತಡ ತರಬೇಕು, ಅವರಿಂದ ಆಗಲಿಲ್ಲ ಅಂದರೆ ಕ್ವಾರ್ಟರ್‌ಬ್ಯಾಕ್‌ಗೆ ಮೂರೂವರೆ ಸೆಕೆಂಡ್ ಸಿಗುತ್ತೆ. ಅಷ್ಟು ಹೊತ್ತು ಯಾವ ಕಾರ್ನರ್ ಕೈಲೂ ಹಿಡಿದಿಡೋಕೆ ಆಗಲ್ಲ. ಎಲ್ಲರೂ ಬರ್ಕ್ ಅವರನ್ನ ಬೈದರು, ಕೆಲಸ ಕೆಟ್ಟಿದ್ದು ಅವರ ಮುಂದೆ.

ಆಮೇಲೆ ಡಿಫೆನ್ಸಿವ್ ಕೋಆರ್ಡಿನೇಟರ್ ಜಿಮ್ ನೋಲ್ಸ್ ಸ್ನ್ಯಾಪ್‌ಗೆ ಮುಂಚೆ ಒಂದು ರೂಪ, ಆದಮೇಲೆ ಇನ್ನೊಂದು ರೂಪ ತೋರಿಸೋದನ್ನ ಹೆಚ್ಚು ಮಾಡಿದರು. ಲೈನ್‌ಬ್ಯಾಕರ್ ಕೋಡಿ ಸೈಮನ್ ಸೆಂಟರ್ ಪಕ್ಕದ ಸಂದಿಯಲ್ಲಿ ಬಂದು ನಿಲ್ತಾರೆ. ಕೆಲವು ಸಲ ನುಗ್ತಾರೆ, ಕೆಲವು ಸಲ ಹಿಂದೆ ಸರಿದು ಎಡ್ಜ್‌ನಿಂದ ಬೇರೆಯವರು ಬರ್ತಾರೆ. ಅಫೆನ್ಸ್ ಆ ಸಂದಿಗೆ ಒಬ್ಬರನ್ನ ಮೀಸಲಿಡಲೇಬೇಕು, ಆಗ ಜೆಟಿ ಟುಯಿಮೊಲೊವಾ, ಜಾಕ್ ಸಾಯರ್ ಇಬ್ಬರಿಗೂ ಹೊರಗೆ ಒಬ್ಬರೇ ಎದುರಾಳಿ. ಸೀಸನ್ ಮುಗಿದಾಗ ಟುಯಿಮೊಲೊವಾ 12.5 ಸ್ಯಾಕ್, ಸಾಯರ್ 9. ಅಲಬಾಮಾದಿಂದ ಬಂದ ಸೇಫ್ಟಿ ಕೇಲಬ್ ಡೌನ್ಸ್ ಅವರನ್ನ ಒಂದು ಜಾಗಕ್ಕೆ ಕಟ್ಟಿಹಾಕದೆ ಮುಂದಕ್ಕೂ ಹಿಂದಕ್ಕೂ ಓಡಾಡಿಸಿದ್ದು ಇದರ ಇನ್ನೊಂದು ಭಾಗ.

ಜನವರಿ 1ರ ರೋಸ್ ಬೌಲ್‌ನಲ್ಲಿ (ಆರೆಗನ್ ಜೊತೆಗಿನ ಪ್ಲೇಆಫ್ ಮ್ಯಾಚ್) ಅದೇ ಗೇಬ್ರಿಯಲ್‌ಗೆ 8 ಸ್ಯಾಕ್. ಸ್ಯಾಕ್ ನಷ್ಟ ಸೇರಿಸಿ ಆರೆಗನ್ ಓಟದ ಒಟ್ಟು ಮೈನಸ್ 23 ಯಾರ್ಡ್. ಎರಡನೇ ಕ್ವಾರ್ಟರ್‌ನಲ್ಲೇ ಸ್ಕೋರು 34-0 ಆಗಿಹೋಗಿತ್ತು.

ಲೆಕ್ಕಿಗ:
ಸ್ಟೂವರ್ಟ್ ಬೆನ್ನುನೋವಿನಿಂದ ರೋಸ್ ಬೌಲ್ ಆಡಲಿಲ್ಲ ಅನ್ನೋದನ್ನೂ ಹೇಳಬೇಕು. ಎರಡು ಮ್ಯಾಚ್ ಹೋಲಿಸುವಾಗ ಇದು ಸಣ್ಣ ವಿಷಯ ಅಲ್ಲ.

ಸೇಫ್ಟಿ_ಮೇಲೆ:
ಒಪ್ಪಿದೆ. ಆದರೂ ಒಬ್ಬ ರಿಸೀವರ್ ಇಲ್ಲದ್ದಕ್ಕೆ ಎಂಟು ಸ್ಯಾಕ್ ಆಗಲ್ಲ. ಸ್ಮಿತ್ ಅವರ 187 ಯಾರ್ಡ್, ಹೆಂಡರ್ಸನ್ ಅವರ 66 ಯಾರ್ಡ್ ಓಟಕ್ಕೂ ಸ್ಟೂವರ್ಟ್‌ಗೂ ಸಂಬಂಧ ಇಲ್ಲ.

ಹೊಸ_ಪ್ರೇಕ್ಷಕಿ:
ಆ ಅಕ್ಟೋಬರ್ ಮ್ಯಾಚಲ್ಲಿ 12 ಜನರನ್ನ ಇಳಿಸಿ ಆರೆಗನ್ ಗೆದ್ದಿತು ಅಂತ ಕೇಳಿದ್ದೆ. ಜಾಸ್ತಿ ಜನ ಇಳಿಸಿದರೆ ಶಿಕ್ಷೆ ಆಗೋದು ಇಳಿಸಿದವರಿಗೇ ಅಲ್ವಾ?

ನಾಲ್ಕನೇ_ಡೌನ್:
ಶಿಕ್ಷೆ ಆಯ್ತು, ಆದರೆ ಲಾಭವೂ ಅವರಿಗೇ ಆಯ್ತು. 32-31ರಿಂದ ಆರೆಗನ್ ಮುಂದೆ, 10 ಸೆಕೆಂಡ್ ಉಳಿದಿದೆ. ಓಹಾಯೊ ಸ್ಟೇಟ್‌ಗೆ ಫೀಲ್ಡ್ ಗೋಲ್ ದೂರ ತಲುಪಿದರೆ ಸಾಕು. ಅದಕ್ಕೆ ಮುಂಚೆ ಸ್ಮಿತ್ ಮೇಲೆ ಅಫೆನ್ಸಿವ್ ಪಾಸ್ ಇಂಟರ್‌ಫಿಯರೆನ್ಸ್ (ಪಾಸ್ ಹಿಡಿಯೋಕೆ ಡಿಫೆಂಡರ್‌ನ ತಳ್ಳಿದ ತಪ್ಪು) ಬಿದ್ದು ಹಿಂದೆ ಬಂದಿದ್ದರು, ಅದು ಇದಕ್ಕಿಂತ ದೊಡ್ಡ ಪೆಟ್ಟು. ಆಗ ಆರೆಗನ್ 12 ಡಿಫೆಂಡರ್‌ಗಳನ್ನ ಇಳಿಸಿತು. ಒಬ್ಬ ಹೆಚ್ಚುವರಿ ಆಟಗಾರ ಹಿಂದೆ ಇರೋದ್ರಿಂದ ಉದ್ದ ಪಾಸ್ ಸಿಗಲ್ಲ. ಪ್ಲೇ ಮುಗಿದಾಗ 6 ಸೆಕೆಂಡ್. ಪೆನಾಲ್ಟಿ 5 ಯಾರ್ಡ್, ಆದರೆ ಕಳೆದ 4 ಸೆಕೆಂಡ್ ವಾಪಸ್ ಬರಲ್ಲ. ಕೊನೆಯಲ್ಲಿ ಐದು ಯಾರ್ಡ್‌ಗಿಂತ ನಾಲ್ಕು ಸೆಕೆಂಡ್ ಬೆಲೆ ಜಾಸ್ತಿ. ಮುಂದಿನ ಪ್ಲೇನಲ್ಲಿ ಹವರ್ಡ್ ಓಡಿ, ಜಾರಿ ಕೂತಾಗ ಗಡಿಯಾರ ಸೊನ್ನೆ.

ನಿಯಮ ಸಮಿತಿ ಕೆಲವೇ ದಿನದಲ್ಲಿ ಇದನ್ನ ಮುಚ್ಚಿತು. ಈಗ ಯಾವುದೇ ಅರ್ಧದಲ್ಲಿ ಎರಡು ನಿಮಿಷ ಉಳಿದಾಗ ಕೊಡೋ ಟೈಮ್‌ಔಟ್ ಆದಮೇಲೆ 12 ಜನ ಆಟದಲ್ಲಿ ಪಾಲ್ಗೊಂಡರೆ 5 ಯಾರ್ಡ್ ಜೊತೆಗೆ, ಅಫೆನ್ಸ್ ಕೇಳಿದರೆ, ಗಡಿಯಾರವನ್ನ ಸ್ನ್ಯಾಪ್ ಆದ ಸಮಯಕ್ಕೆ ಮರಳಿಸ್ತಾರೆ. ಹನ್ನೆರಡನೆಯವನು ಹೊರಗೆ ಓಡ್ತಾ ಇದ್ದು ಆಟಕ್ಕೆ ತೊಡಕಾಗದಿದ್ದರೆ ಮಾತ್ರ ಬರೀ 5 ಯಾರ್ಡ್.

ಸೇಫ್ಟಿ_ಮೇಲೆ:
ಗೋಲ್ ಲೈನ್ ಡಿಫೆನ್ಸ್ ಬಗ್ಗೆಯೂ ಬರೀಲೇಬೇಕು. ಈ ಸೀಸನ್‌ನ ಎರಡು ಮ್ಯಾಚ್ ಅಲ್ಲೇ ತೀರ್ಮಾನ ಆದವು.

ಪೆನ್ ಸ್ಟೇಟ್ ನಾಲ್ಕನೇ ಕ್ವಾರ್ಟರ್‌ನಲ್ಲಿ 3 ಯಾರ್ಡ್ ದೂರದಲ್ಲಿ ಫಸ್ಟ್ ಆಂಡ್ ಗೋಲ್ (ಮೊದಲ ಡೌನ್, ಮುಂದೆ ಗೋಲ್ ಲೈನ್ ಮಾತ್ರ). ಕೇಟ್ರನ್ ಅಲೆನ್ ಅವರನ್ನ ಮೂರು ಸಲ ನಡುವೆ ಓಡಿಸಿದರು, ಒಂದು ಯಾರ್ಡ್ ಉಳೀತು. ನಾಲ್ಕನೇ ಡೌನ್ ಪಾಸ್ ನೆಲಕ್ಕೆ. ಆಮೇಲೆ ಓಹಾಯೊ ಸ್ಟೇಟ್ ಅಫೆನ್ಸ್ ಸ್ವಂತ ಗೋಲ್ ಲೈನ್ ಹತ್ತಿರದಿಂದ ಶುರು ಮಾಡಿ ಉಳಿದ ಐದು ನಿಮಿಷಕ್ಕೂ ಹೆಚ್ಚು ಸಮಯವನ್ನ ಓಡಿಯೇ ಮುಗಿಸಿತು. ಲೈನ್ ದುರ್ಬಲ ಅಂತ ಮಾತು ನಡೀತಿದ್ದ ವಾರದಲ್ಲಿ, ಜಾಕ್ಸನ್ ಟ್ಯಾಕಲ್ ಆದ ಮೊದಲ ಮ್ಯಾಚಲ್ಲಿ ಇದು!

ಪ್ಲೇಆಫ್ ಸೆಮಿಫೈನಲ್ ಆದ ಕಾಟನ್ ಬೌಲ್‌ನಲ್ಲಿ ಟೆಕ್ಸಸ್ 14-21ರಿಂದ ಹಿಂದೆ ಇತ್ತು, ಒಂದು ಯಾರ್ಡ್ ದೂರದಲ್ಲಿ ಫಸ್ಟ್ ಆಂಡ್ ಗೋಲ್. ಮೊದಲ ಓಟ ಸಾಗಲಿಲ್ಲ. ಎರಡನೇ ಡೌನ್‌ನಲ್ಲಿ ಹೊರಗಡೆಗೆ ಟಾಸ್ ಕೊಟ್ಟರು, 7 ಯಾರ್ಡ್ ನಷ್ಟ. ಟಾಸ್‌ನಲ್ಲಿ ಚೆಂಡು ಮೊದಲು ನಾಲ್ಕೈದು ಯಾರ್ಡ್ ಹಿಂದಕ್ಕೆ ಹೋಗಿ, ಆಮೇಲೆ ಅಡ್ಡ ಓಡಬೇಕು. ಗೋಲ್ ಲೈನ್ ಹತ್ತಿರ ಎಲ್ಲ ಡಿಫೆಂಡರ್‌ಗಳೂ ಮುಂದಕ್ಕೆ ವಾಲಿರ್ತಾರೆ, ಹಿಂದೆ ಕಾಯೋಕೆ ಜಾಗವೇ ಇಲ್ಲ. ಒಬ್ಬರು ಲೈನ್ ದಾಟಿ ಬಂದರೂ ಪ್ಲೇ ಸತ್ತಂತೆ. ಮೂರನೇ ಡೌನ್ ಪಾಸ್ ಅಪೂರ್ಣ. ನಾಲ್ಕನೇ ಡೌನ್, 8 ಯಾರ್ಡ್: ಸಾಯರ್ ಬಂದು ಟೆಕ್ಸಸ್ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಕೈಯಿಂದ ಚೆಂಡು ಬಡಿದು, ತಾವೇ ಎತ್ತಿಕೊಂಡು 83 ಯಾರ್ಡ್ ಓಡಿದರು. ಯೂವರ್ಸ್ ಟೆಕ್ಸಸ್‌ಗೆ ಹೋಗೋ ಮುಂಚೆ ಓಹಾಯೊ ಸ್ಟೇಟ್‌ನಲ್ಲಿದ್ದಾಗ ಇಬ್ಬರೂ ರೂಮ್‌ಮೇಟ್‌ಗಳು.

ಲೆಕ್ಕಿಗ:
ಆ ಟಾಸ್ ಕರೆದದ್ದಕ್ಕೆ ಟೆಕ್ಸಸ್ ಕೋಚ್ ಮೇಲೆ ತಿಂಗಳುಗಟ್ಟಲೆ ಟೀಕೆ ಬಂತು. ಒಂದು ಯಾರ್ಡ್‌ಗೆ ನಡುವೆ ನುಗ್ಗಬೇಕಿತ್ತು ಅಂತ. ಆದರೆ ಪೆನ್ ಸ್ಟೇಟ್ ಮೂರು ಸಲ ನಡುವೆ ನುಗ್ಗಿ ಸೋತದ್ದೂ ಇದೇ ಡಿಫೆನ್ಸ್ ಮೇಲೆ. ಟೈಲೀಕ್ ವಿಲಿಯಮ್ಸ್, ಟೈ ಹ್ಯಾಮಿಲ್ಟನ್ ಇಬ್ಬರು ನಡುವೆ ನಿಂತಾಗ ಒಳಗೂ ಕಷ್ಟ, ಹೊರಗೂ ಕಷ್ಟ. ಟೀಕೆಗಿಂತ ಹೊಗಳಿಕೆ ಆ ಇಬ್ಬರಿಗೆ ಸಲ್ಲಬೇಕು.

ಕೆಂಪು_ಬೂದು:
ಅದೇ ಮ್ಯಾಚಲ್ಲಿ ಟೆಕ್ಸಸ್ ಸ್ಮಿತ್ ಅವರನ್ನ ಪೂರ್ತಿ ಕಟ್ಟಿಹಾಕಿತ್ತು, ಒಂದೇ ಕ್ಯಾಚ್, 3 ಯಾರ್ಡ್. ಅವರ ಕಡೆ ಇಬ್ಬರು ವಾಲಿದಾಗ ಬೇರೆ ಕಡೆ ಜಾಗ ಬಿಡಲೇಬೇಕು. ಕೆಲಿ ಅದನ್ನ ಬಳಸಿದ್ದು ಸ್ಕ್ರೀನ್‌ನಲ್ಲಿ. ವಿರಾಮಕ್ಕೆ ಅರ್ಧ ನಿಮಿಷವೂ ಇಲ್ಲ, ಟೆಕ್ಸಸ್ ಆಗಷ್ಟೇ 7-7 ಮಾಡಿದೆ, ರಷರ್‌ಗಳು ಕ್ವಾರ್ಟರ್‌ಬ್ಯಾಕ್ ಕಡೆ ಕಣ್ಣು ಮುಚ್ಚಿ ಓಡ್ತಿದ್ದಾರೆ. ಲೈನ್ ಅವರನ್ನ ಬೇಕಂತಲೇ ಒಳಗೆ ಬಿಟ್ಟು ಮುಂದೆ ಹೊರಟಿತು, ಚೆಂಡು ಅವರ ತಲೆ ಮೇಲೆ ಹಾದು ಹೆಂಡರ್ಸನ್ ಕೈಗೆ. 75 ಯಾರ್ಡ್, ಟಚ್‌ಡೌನ್. ಸ್ಕ್ರೀನ್ ಹಾಳಾಗೋದು ಲೈನ್ ಬೇಗ ಬಿಟ್ಟಾಗ: ರಷರ್‌ಗೆ ಅನುಮಾನ ಬಂದು ನಿಂತುಬಿಡ್ತಾನೆ. ಒಂದು ಏಟು ಕೊಟ್ಟು, ಸೋತ ಹಾಗೆ ಕಾಣಿಸಿ, ಆಮೇಲೆ ಓಡಬೇಕು. ಇಷ್ಟು ನಯ ನವೆಂಬರ್‌ನ ಲೈನ್‌ಗೆ ಇರಲಿಲ್ಲ.

ನಾಲ್ಕನೇ_ಡೌನ್:
ಫೈನಲ್‌ನ ಥರ್ಡ್ ಆಂಡ್ 11 (ಮೂರನೇ ಡೌನ್, ಇನ್ನೂ 11 ಯಾರ್ಡ್ ಬೇಕು) ಇಲ್ಲದೆ ಈ ಚರ್ಚೆ ಪೂರ್ತಿ ಆಗಲ್ಲ. ನೋಟರ್ ಡೇಮ್ ಮೊದಲ ಡ್ರೈವ್‌ನಲ್ಲೇ 18 ಪ್ಲೇ ಆಡಿ, 9 ನಿಮಿಷ 45 ಸೆಕೆಂಡ್ ತಿಂದು ಟಚ್‌ಡೌನ್ ಮಾಡಿತ್ತು. ಆಮೇಲೆ ಹವರ್ಡ್ ಮೊದಲ 13 ಪಾಸ್‌ಗಳನ್ನ ಒಂದೂ ತಪ್ಪದೆ ತಲುಪಿಸಿ, ಸ್ಕೋರು 31-7ಕ್ಕೆ ಹೋಯ್ತು. ಅಲ್ಲಿಂದ ನೋಟರ್ ಡೇಮ್ ಎರಡು ಟಚ್‌ಡೌನ್, ಎರಡಕ್ಕೂ ಕನ್ವರ್ಷನ್‌ನ (ಟಚ್‌ಡೌನ್ ಆದಮೇಲಿನ ಹೆಚ್ಚುವರಿ ಪ್ರಯತ್ನ) ಎರಡೆರಡು ಪಾಯಿಂಟ್ ಸೇರಿಸಿ 31-23ಕ್ಕೆ ತಂದಿತು.

ಮೂರು ನಿಮಿಷಕ್ಕಿಂತ ಕಮ್ಮಿ ಉಳಿದಿದೆ, ಓಹಾಯೊ ಸ್ಟೇಟ್ ಸ್ವಂತ 34 ಯಾರ್ಡ್ ಗೆರೆಯಲ್ಲಿ. ಓಡಿದರೆ ಎದುರಾಳಿಯ ಟೈಮ್‌ಔಟ್ ಖರ್ಚಾಗುತ್ತೆ ಅಥವಾ ಗಡಿಯಾರ ಓಡುತ್ತೆ, ಆಮೇಲೆ ಪಂಟ್ (ಚೆಂಡನ್ನ ದೂರ ಒದ್ದು ಎದುರಾಳಿಗೆ ಬಿಟ್ಟುಕೊಡೋದು). ಎಸೆದು ತಪ್ಪಿದರೆ ಗಡಿಯಾರ ನಿಂತು, ಎಂಟೇ ಪಾಯಿಂಟ್ ಹಿಂದಿರೋ ತಂಡಕ್ಕೆ ಬೇಕಾದಷ್ಟು ಸಮಯ. ಬಹುಪಾಲು ಕೋಚ್‌ಗಳು ಓಡ್ತಾರೆ. ನೋಟರ್ ಡೇಮ್ ಕೂಡ ಹಾಗೇ ಎಣಿಸಿ ಜನರನ್ನ ಮುಂದೆ ತಂದು ಸ್ಮಿತ್ ಎದುರು ಕಾರ್ನರ್ ಒಬ್ಬರನ್ನೇ ಬಿಟ್ಟಿತ್ತು. ಸ್ಮಿತ್ ಒಳಗೆ ಹೋಗೋ ಹಾಗೆ ತೋರಿಸಿ ಹೊರಗಿನಿಂದ ನೇರ ಓಡಿದರು, 56 ಯಾರ್ಡ್, ಎದುರಾಳಿಯ 10ಕ್ಕೆ. ಲೆಕ್ಕ ಸರಳ: ಒಬ್ಬರ ಎದುರು ಸ್ಮಿತ್ ಗೆಲ್ಲೋ ಸಾಧ್ಯತೆ, ಪಂಟ್ ಕೊಟ್ಟು ಡಿಫೆನ್ಸ್ ಇನ್ನೊಂದು ಸಲ ತಡೆಯೋ ಸಾಧ್ಯತೆಗಿಂತ ಹೆಚ್ಚು ಅಂತ ಡೇ ನಂಬಿದರು. ಮಿಷಿಗನ್ ಎದುರು ಇದೇ ನಂಬಿಕೆ ಇರಲಿಲ್ಲ. 26 ಸೆಕೆಂಡ್ ಉಳಿದಾಗ 33 ಯಾರ್ಡ್ ಫೀಲ್ಡ್ ಗೋಲ್ ಹಾಕಿ ಮುಗಿಸಿದ್ದು ಅದೇ ಜೇಡನ್ ಫೀಲ್ಡಿಂಗ್.

ಲೆಕ್ಕಿಗ:
ಇಷ್ಟೆಲ್ಲ ಹೇಳಿ ದುಡ್ಡಿನ ಮಾತು ಬಿಟ್ಟರೆ ಅನ್ಯಾಯ. ಈ ತಂಡಕ್ಕೆ ಆಟಗಾರರ ಹೆಸರು-ಚಿತ್ರ ಬಳಕೆಯ ಒಪ್ಪಂದಗಳಲ್ಲಿ ಸುಮಾರು 2 ಕೋಟಿ ಡಾಲರ್ ಹೋಯ್ತು ಅಂತ ಅಲ್ಲಿಯ ಅಥ್ಲೆಟಿಕ್ ಡೈರೆಕ್ಟರ್ ರಾಸ್ ಬ್ಯೋರ್ಕ್ ಅವರೇ ಹೇಳಿದ್ದರು. ಹವರ್ಡ್ ಕ್ಯಾನ್ಸಸ್ ಸ್ಟೇಟ್‌ನಿಂದ, ಜಡ್ಕಿನ್ಸ್ ಓಲ್ ಮಿಸ್‌ನಿಂದ, ಡೌನ್ಸ್ ಮತ್ತು ಮೆಕ್‌ಲಾಕ್ಲಿನ್ ಅಲಬಾಮಾದಿಂದ ಬಂದವರು.

ಎಡತುದಿ:
ದುಡ್ಡಿನ ದೊಡ್ಡ ಕೆಲಸ ಹೊರಗಿನವರನ್ನ ತಂದದ್ದಲ್ಲ, ಒಳಗಿದ್ದವರನ್ನ ಉಳಿಸಿದ್ದು. ಸಾಯರ್, ಟುಯಿಮೊಲೊವಾ, ಹೆಂಡರ್ಸನ್, ಎಗ್ಬುಕಾ, ಬರ್ಕ್, ಜಾಕ್ಸನ್ ಎಲ್ಲ 2021ರಲ್ಲಿ ಸೇರಿದವರು. ಬಹುಪಾಲು ಜನ ಒಂದು ವರ್ಷ ಮುಂಚೆಯೇ ಎನ್‌ಎಫ್‌ಎಲ್‌ಗೆ ಹೋಗಬಹುದಿತ್ತು. ಜಾಕ್ಸನ್ ಹೋಗಿದ್ದಿದ್ದರೆ ಅಕ್ಟೋಬರ್‌ನಲ್ಲಿ ಎಡಗಡೆ ನಿಲ್ಲಿಸೋಕೆ ಯಾರೂ ಇರ್ತಿರಲಿಲ್ಲ.

ಹೊಸ_ಪ್ರೇಕ್ಷಕಿ:
ಈ ಮ್ಯಾಚ್‌ಗಳನ್ನ ಮತ್ತೆ ನೋಡ್ಬೇಕು ಅಂದ್ರೆ ಯಾವುದರಿಂದ ಶುರು ಮಾಡಲಿ? ಬೆಂಗಳೂರಿನಿಂದ ನೇರ ನೋಡೋದಾದ್ರೆ ಸಮಯ ಹೇಗೆ?

ಎಡತುದಿ:
ನೆಬ್ರಾಸ್ಕಾ, ಮಿಷಿಗನ್, ಟೆನೆಸಿ, ಟೆಕ್ಸಸ್, ಇದೇ ಕ್ರಮದಲ್ಲಿ ನೋಡಿ. ಪ್ರತಿ ಪ್ಲೇ ಎರಡು ಸಲ. ಮೊದಲ ಸಲ ಚೆಂಡು ನೋಡಬೇಡಿ, ಎಡತುದಿಯಲ್ಲಿರೋ 74ನೇ ನಂಬರ್ ಜಾಕ್ಸನ್ ಅವರ ಕಾಲು ನೋಡಿ, ಹಿಂದೆ ಸರಿಯುವಾಗ ಎರಡೂ ಪಾದ ಹತ್ತಿರ ಬರ್ತಿವೆಯಾ ಅಂತ. ಹತ್ತಿರ ಬಂದರೆ ಮುಂದಿನ ಏಟಿಗೆ ಸೋಲ್ತಾರೆ. ನೆಬ್ರಾಸ್ಕಾ ಮ್ಯಾಚಲ್ಲಿ ಅವರು ಇನ್ನೂ ಗಾರ್ಡ್, ಅಲ್ಲಿ ಮಿಕಾಲ್ಸ್ಕಿ ಅವರನ್ನ ನೋಡಿ. ಎರಡನೇ ಸಲ ಸೇಫ್ಟಿಗಳು ಎಷ್ಟು ಹಿಂದೆ ನಿಂತಿದ್ದಾರೆ ಅಂತ ಎಣಿಸಿ. ಒಬ್ಬರೇ ಹಿಂದಿದ್ದರೆ ಓಟಕ್ಕೆ ಜಾಗ ಕಮ್ಮಿ, ಇಬ್ಬರಿದ್ದರೆ ನಡುವೆ ಹಗುರ.

ಕೆಂಪು_ಬೂದು:
ಸಮಯದ ಬಗ್ಗೆ: ಅಮೆರಿಕದ ಪೂರ್ವ ಭಾಗದಲ್ಲಿ ಮಧ್ಯಾಹ್ನ 12ಕ್ಕೆ ಶುರುವಾಗೋ ಮ್ಯಾಚು ನಮ್ಮಲ್ಲಿ ನವೆಂಬರ್ ಮೊದಲ ಭಾನುವಾರದ ತನಕ ರಾತ್ರಿ 9:30, ಆಮೇಲೆ ಅವರ ಗಡಿಯಾರ ಬದಲಾಗೋದ್ರಿಂದ 10:30. ಅಲ್ಲಿಯ ರಾತ್ರಿ ಮ್ಯಾಚು ನಮ್ಮ ಮರುದಿನ ಬೆಳಿಗ್ಗೆ, ಫೈನಲ್ ಬಿದ್ದದ್ದು ನಮ್ಮ ಮಂಗಳವಾರ ಬೆಳಿಗ್ಗೆ 6ಕ್ಕೆ.

ಸೇಫ್ಟಿ_ಮೇಲೆ:
ಇದರ ಮುಂದಿನ 2025ರ ಸೀಸನ್ ನೋಡೋರಿಗೆ ಒಂದು ಮಾಹಿತಿ: ಈ ತಂಡದಿಂದ 14 ಜನ ಡ್ರಾಫ್ಟ್ ಆದರು. ನೋಲ್ಸ್ ಪೆನ್ ಸ್ಟೇಟ್‌ಗೆ, ಕೆಲಿ ಲಾಸ್ ವೇಗಸ್ ರೇಡರ್ಸ್‌ಗೆ ಹೋದರು. ಡಿಫೆನ್ಸ್‌ಗೆ ಮ್ಯಾಟ್ ಪ್ಯಾಟ್ರೀಷಿಯಾ ಬಂದರು, ಅಫೆನ್ಸ್ ಬ್ರಯಾನ್ ಹಾರ್ಟ್‌ಲೈನ್ ಕೈಗೆ ಬಂತು. ಡೌನ್ಸ್, ಸ್ಮಿತ್, ಟೇಟ್, ಸನ್ನಿ ಸ್ಟೈಲ್ಸ್ 2025ಕ್ಕೂ ಉಳಿದಿದ್ದರು. ಪ್ಯಾಟ್ರೀಷಿಯಾ ಡೌನ್ಸ್ ಅವರನ್ನ ಎಲ್ಲಿ ನಿಲ್ಲಿಸಿದರು ಅನ್ನೋದನ್ನ ಆ ಸೀಸನ್‌ನ ಮೊದಲ ಮ್ಯಾಚಿಂದಲೇ ಗಮನಿಸಿ.